ಹನ್ನೊಂದು ಜೋಡು

ಜೊಂಗುಲ್ದಾಕಿನಲ್ಲಿ ಎಲ್ಲವೂ ಇಳಿಜಾರು.
ಗಣಿಯ ಸುರಂಗ ಸಮುದ್ರಕ್ಕೂ ಕೆಳಗೆ,
ಮಸೀದಿ ಗುಡ್ಡದ ನೆತ್ತಿಗೆ,
ನಮ್ಮ ಔಷಧಿ ಅಂಗಡಿ ನಡುವೆ, ಬಸ್ಸು ಏದುಸಿರು ಬಿಡುವ ತಿರುವಿನಲ್ಲಿ.
ಇಪ್ಪತ್ತಾರು ವರ್ಷದಿಂದ ಗಲ್ಲಾದ ಹಿಂದೆ ನಿಂತು
ಪಿಸುಮಾತು ಕೇಳುತ್ತಿದ್ದೇನೆ.

ಎದೆನೋವಿನ ಗುಳಿಗೆಯನ್ನು ಜನ ಗಟ್ಟಿಯಾಗಿಯೇ ಕೇಳುತ್ತಾರೆ,
ಸಕ್ಕರೆ ಕಾಯಿಲೆಯವರಿಗೆ ಒಂಚೂರು ಜಂಬವೂ ಉಂಟು.
ಈ ಮುಲಾಮಿನವರು ಮಾತ್ರ
ಅಂಗಡಿ ಖಾಲಿಯಾಗಲೆಂದು
ಹಲ್ಲುಜ್ಜುವ ಬ್ರಷ್ಷುಗಳ ಮೇಲೆ ಬರೆದದ್ದನ್ನೆಲ್ಲ ಓದುತ್ತಾರೆ.
"ನನಗಲ್ಲ ನೆವ್‌ಜಾತ್ ಅಕ್ಕಾ, ನನ್ನ ಭಾವನಿಗೆ."
ಈ ಊರಿನ ಭಾವಂದಿರಷ್ಟು ತುರಿಸಿಕೊಳ್ಳುವವರು
ಭೂಮಿಯ ಮೇಲೆ ಇನ್ನೆಲ್ಲೂ ಇರಲಾರರು.

ಕುಸ್ತಿ ಮೇಷ್ಟ್ರು ಹೈರಿಯ ಕತ್ತಿನಲ್ಲಿ
ನಾಣ್ಯದಷ್ಟು ಗುಂಡಗೆ ಹುಳುಕಡ್ಡಿ,
ಜೂನ್ ಬಿಸಿಲಲ್ಲೂ ಉಣ್ಣೆಯ ಮಫ್ಲರು.
ರೊಟ್ಟಿ ಭಟ್ಟಿಯ ಪೆರಿಹಾನ್
ಹಗಲಿಡೀ ಹಸಿ ಹಿಟ್ಟಿನಲ್ಲಿ ಮುಳುಗಿದ ಬೆರಳನ್ನು
ಮಗಳ ಗೋರಂಟಿ ರಾತ್ರಿ
ಎಲ್ಲರಿಗಿಂತ ಮೊದಲು ಚಾಚಿದಳು,
ಕೆಂಪು ಎಲ್ಲವನ್ನೂ ಮುಚ್ಚುತ್ತದೆಂದು.
ಗಣಿಯವರದಂತೂ ಬಿಡಿ.
ಎಂಟು ಗಂಟೆ ರಬ್ಬರ್ ಬೂಟು,
ಒಳಗೆ ಬೆವರು, ಕತ್ತಲೆ, ಬೆಚ್ಚಗೆ.
ಬೂಷ್ಟಿಗೆ ಇನ್ನೇನು ಬೇಕು?

ಸೋಮವಾರ ಸೆಲಾಹತ್ತಿನ್ ಬರುತ್ತಾನೆ.
ಹೆಬ್ಬೆರಳ ಉಗುರು ಹಳೆ ಚೀಸಿನ ಸಿಪ್ಪೆಯ ಹಾಗೆ
ದಪ್ಪ, ಹಳದಿ, ಅಂಚಿನಲ್ಲಿ ಪುಡಿಪುಡಿ.
"ನನ್ನವಳಿಗೆ ಗೊತ್ತಾಗಬಾರದು."
ಗುರುವಾರ ಗ್ಯುಲ್ಸೆರೆನ್.
ಅದೇ ಬೆರಳು, ಕಾಲು ಮಾತ್ರ ಎಡಗಡೆಯದು.
"ಅವರ ಹತ್ತಿರ ಬಾಯಿ ಬಿಡಬೇಡ."
ಮೂವತ್ತೊಂದು ವರ್ಷದ ಸಂಸಾರ,
ಒಂದೇ ಬಚ್ಚಲು, ಒಂದೇ ಕಾಲೊರಸು,
ಹಾಸಿಗೆಯಲ್ಲಿ ಎರಡು ಜೊತೆ ಕಾಲುಚೀಲ.
ನಾನು ಎರಡು ಟ್ಯೂಬು ಮಾರುತ್ತೇನೆ.

ಕಳೆದ ಚಳಿಗಾಲ ಒಂದು ಸಾವಿನ ಮನೆ.
ಜೋಡುಗಳು ಹೊಸ್ತಿಲು ದಾಟಿ ಮೆಟ್ಟಿಲ ಕೆಳಗಿನವರೆಗೆ.
ಒಳಗೆ ಪ್ರಾರ್ಥನೆ ಶುರುವಾಗಿತ್ತು,
ನಾನು, ಪಾಪಿ, ಹೊರಗೆ ಎಣಿಸುತ್ತಿದ್ದೆ:
ಇದು ನಮ್ಮ ಗಿರಾಕಿ, ಇದೂ,
ಆ ಕಂದು ಬೂಟು ವರ್ಷಕ್ಕೆರಡು ಸಲ,
ಹಿಮ್ಮಡಿ ಸವೆದ ಈಕೆ ಅರ್ಧಕ್ಕೇ ಬಿಟ್ಟವಳು
(ಉಗುರು ಹೊಸದಾಗಿ ಬೆಳೆಯಲು ವರ್ಷ ಬೇಕು,
ನಮ್ಮ ತಾಳ್ಮೆ ಮೂರು ವಾರದ್ದು).
ನಲವತ್ತರಲ್ಲಿ ಹನ್ನೊಂದು ಜೋಡು.
ಉಳಿದವರಲ್ಲಿ ಕೆಲವರು
ದೂರದ ಅಂಗಡಿಗೆ ಹೋಗುವವರಿರಬೇಕು.
ಒಳಗೆ ಹೋದೆ. ಎಲ್ಲರೂ ಕಾಲು ಮಡಿಚಿ
ಅದರ ಮೇಲೆ ಕೂತಿದ್ದರು.

ಹೆಂಗಸರ ಹೆಣ ತೊಳೆಯುವ ಮ್ಯುಜೆಯ್ಯೆನ್
ಮಾರ್ಚಿನಲ್ಲಿ ಬಂದಳು, ಅಂಗಡಿ ತುಂಬಿದ್ದ ಹೊತ್ತಿಗೆ.
ಸ್ಟೂಲಿನ ಮೇಲೆ ಕಾಲಿಟ್ಟು ಕಾಲುಚೀಲ ಎಳೆದು
"ಇದಕ್ಕೇನಾದರೂ ಕೊಡು" ಎಂದಳು,
ಈರುಳ್ಳಿಯ ಬೆಲೆ ಕೇಳುವ ದನಿಯಲ್ಲಿ.
ಎಲ್ಲರೂ ಛಾವಣಿ ನೋಡಿದರು.

"ಏನು ಮೇಲೆ ನೋಡುತ್ತೀರಿ?
ನಿಮ್ಮ ಅಮ್ಮಂದಿರ ಕಾಲು ತೊಳೆದವಳು ನಾನು,
ಬೆರಳ ಸಂದುಸಂದಿಗೂ ಬೆಚ್ಚನೆ ನೀರು ಬಿಟ್ಟವಳು.
ಎಷ್ಟು ಉಗುರು ಹೀಗಿದ್ದವು ಅಂತ ಹೇಳಲೇ?
ಬೇಡ ಬಿಡಿ.
ಬದುಕಿದ್ದಾಗ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ
ಇಷ್ಟು ವರ್ಷ ಒಬ್ಬೊಬ್ಬರೇ
ತುರಿಸಿಕೊಳ್ಳುವುದು ತಪ್ಪುತ್ತಿತ್ತು, ಪಾಪ."

ಯಾರೂ ನಗಲಿಲ್ಲ.
ಹೊರಗೆ ಬಸ್ಸು ಗೇರು ಬದಲಿಸಿ ಹತ್ತಿತು.
ಬ್ರಷ್ಷುಗಳ ಕಪಾಟಿನ ಹತ್ತಿರ ಗ್ಯುಲ್ಸೆರೆನ್ ಕೆಮ್ಮಿದಳು.
"ನನಗೂ ಒಂದು," ಎಂದಳು. ಆಮೇಲೆ,
"ಎರಡೇ ಕೊಡು. ಅವರಿಗೂ ಇದೆ.
ಮಲಗಿದ್ದಾಗ ಚೀಲ ಸರಿಸಿ ನೋಡಿದ್ದೇನೆ."

ಉಳಿದಿದ್ದದ್ದೇ ಮೂರು ಟ್ಯೂಬು.
"ಬೇರೆ ಯಾರಿಗಾದರೂ ಬೇಕಿದ್ದರೆ ಮಂಗಳವಾರ ಬನ್ನಿ,"
ಎಂದು ಗೋಡೆಗೆ ಹೇಳಿದಂತೆ ಹೇಳಿದೆ.
ಸಂಜೆ ಬಾಗಿಲು ಹಾಕಿ
ತರಿಸಬೇಕಾದ ಪಟ್ಟಿಯಲ್ಲಿ 11 ಎಂದು ಬರೆದು,
ಸ್ವಲ್ಪ ಹೊತ್ತು ಹಾಗೇ ಕೂತಿದ್ದು,
ಕೊನೆಯ ಒಂದನ್ನು ತಿದ್ದಿ
ಎರಡು ಮಾಡಿದೆ.